ನಾಲ್ಕೂವರೆ ಟನ್ನಿನ ಮನೆ

ವಾಲರೂ
11 ಫೆಬ್ರವರಿ 2001

ಪ್ರೀತಿಯ ನೆವ್,

ಈ ಕೈಬರಹ ನೋಡಿದ ಕೂಡಲೇ ಕಾಗದವನ್ನು ಒಲೆಗೆ ಹಾಕಬೇಡ. ಯಾರೂ ಸತ್ತಿಲ್ಲ. ನಿನಗೂ ನಿನ್ನ ಅಣ್ಣ ಕ್ಲೆಮ್‌ಗೂ ಮಾತು ನಿಂತು ಒಂಬತ್ತು ವರ್ಷವಾಯಿತು. ಆದರೆ ನಿನಗೂ ನನಗೂ ಯಾವ ಜಗಳವೂ ಇರಲಿಲ್ಲವಲ್ಲ. ಆ ಸಲಿಗೆಯಿಂದಲೇ ಒಂದು ಉಪಕಾರ ಕೇಳುತ್ತಿದ್ದೇನೆ.

ನಾವೊಂದು ಮೋಟರ್‌ಹೋಮ್, ಒಳಗೇ ಮನೆಯಿರುವ ಗಾಡಿ, ಕೊಳ್ಳಬೇಕೆಂದಿದ್ದೇವೆ. ಹೊಸದಲ್ಲ, ಯಾರೋ ಓಡಿಸಿ ಬಿಟ್ಟದ್ದು. ಡೀಸೆಲ್ಲಿನದೇ ಆಗಬೇಕು, ಪೆಟ್ರೋಲ್ ಎಂದರೆ ಕ್ಲೆಮ್ ಮೂಗು ಮುರಿಯುತ್ತಾನೆ. ಈ ಜೂನಿನ ಚಳಿಗಾಲದಲ್ಲಿ ಸಾವಿರ ಕಿಲೋಮೀಟರಿನ ನಲ್ಲಾರ್ಬರ್ ಬಯಲು ದಾಟಬೇಕೆಂದು ಅವನಿಗೆ ಆಸೆ. ತೂಕ ಮಾತ್ರ ನಾಲ್ಕೂವರೆ ಟನ್ನಿನ ಒಳಗಿರಬೇಕು. ಅದಕ್ಕಿಂತ ಹೆಚ್ಚಾದರೆ ಲಾರಿಯ ಲೈಸೆನ್ಸ್ ಬೇಕು, ನನ್ನ ಹತ್ತಿರ ಇರುವುದು ಕಾರಿನದು. ಹೌದು, ಓಡಿಸುವವಳು ನಾನೇ. ಹೋದ ವರ್ಷ ಡಾಕ್ಟರು ಅವನ ಲೈಸೆನ್ಸ್ ವಾಪಸ್ ಮಾಡಿಸಿದರು. ಸ್ವಲ್ಪ ಮರೆವು. ಉಳಿದಂತೆ ಪರವಾಗಿಲ್ಲ.

ಅವನ ಕನಸಿನ ಗಾಡಿಯೇ ಬೇರೆ. ಪೇಪರಿನಲ್ಲಿ ಜಾಹೀರಾತು ನೋಡಿ, "ಈ ಹಿನೋ ಬಸ್ ನೋಡೇ, ಒಂಬತ್ತು ಮೀಟರ್! ಲಾರಿಗೆ ಮೂರು ಟ್ರೇಲರ್ ಕಟ್ಟಿ ಎಳೆದೋನಿಗೆ ಇದು ಯಾವ ಲೆಕ್ಕ?" ಅನ್ನುತ್ತಾನೆ. ನಾನು "ನೋಡೋಣ" ಅನ್ನುತ್ತೇನೆ.

ಎಷ್ಟು ಉದ್ದದ್ದು ತೆಗೆದುಕೊಳ್ಳಲಿ, ಎಂಥ ಎಂಜಿನ್ ನೋಡಲಿ, ಬರೆದು ಕಳಿಸು. ಫೋನ್ ಬೇಡ. ಇಲ್ಲಿ ಫೋನ್ ಎತ್ತುವವನು ಅವನೇ. ಅವನ ದನಿ ಕೇಳಿ ನೀನು ಇಟ್ಟುಬಿಡುತ್ತೀಯೆಂದು ನನಗೆ ಗೊತ್ತು.

ಟ್ರೆಲೋರ್ ಮನೆತನದಲ್ಲಿ ನಿನ್ನನ್ನು ಇನ್ನೂ ಬೈಯದಿರುವ ಒಬ್ಬಳೇ,
ವಿನ್ನಿ


ನಾರ್ಸ್‌ಮನ್
26 ಫೆಬ್ರವರಿ

ಪ್ರೀತಿಯ ವಿನ್ನಿ,

ಒಂಬತ್ತು ವರ್ಷದ ಮೇಲೆ ಕಾಗದ ಬಂತು, ಒಡೆದು ನೋಡಿದರೆ ಒಳಗೆ ಎಂಜಿನ್ನಿನ ಪ್ರಶ್ನೆ! ನಮ್ಮ ಮನೆತನವೆಂದರೆ ಇದೇ. ಕ್ಷಮೆ ಕೇಳುವುದಕ್ಕಿಂತ ಗೇರ್‌ಬಾಕ್ಸ್ ಇಳಿಸುವುದು ನಮಗೆ ಸುಲಭ.

ಮರೆವಂತೆ. ನನಗೂ ಇದೆ, ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನೆ. ಕಟಾವಿನ ಹೊತ್ತಿಗೆ ತನ್ನ ಲಾರಿ ಸಿದ್ಧ ಮಾಡಿಕೊಡಲಿಲ್ಲವೆಂದು ಅವನು ಹೋಟೆಲಿನಲ್ಲಿ ಊರೆಲ್ಲರ ಎದುರು, "ಇವನು ಹೆಣದ ಗಾಡಿ ನಿಲ್ಲಿಸಿ ಅದರ ಎಂಜಿನ್ನೂ ಬಿಚ್ಚಿ ನೋಡೋ ಆಸಾಮಿ" ಎಂದಿದ್ದನಲ್ಲ, ಅದನ್ನೂ ಮರೆತಿದ್ದರೆ ಒಳ್ಳೆಯದೇ ಆಯಿತು. ಎಂಜಿನ್ ಸರಿಯಾಗದೆ ಹೇಗೆ ಕೊಡುತ್ತಾರೆ, ನೀನೇ ಹೇಳು.

ಈಗ ಕೆಲಸದ ಮಾತು. ಆರು ಮೀಟರಿನದು ಇಬ್ಬರಿಗೆ ಇಕ್ಕಟ್ಟು, ಎರಡು ದಿನ ಗಾಳಿಗೆ ಸಿಕ್ಕಿ ಒಳಗೇ ಕೂರಬೇಕಾದರೆ ಗಂಡಹೆಂಡಿರು ಕಿತ್ತಾಡುತ್ತಾರೆ. ಒಂಬತ್ತು ಮೀಟರಿನದನ್ನು ತಿರುಗಿಸಲು ಊರೇ ಬೇಕು. ಏಳು ಮೀಟರ್ ಸರಿ. ಎಂಜಿನ್ ದೊಡ್ಡದಿರಲಿ, ಆರು ಸಿಲಿಂಡರ್, ಟರ್ಬೊ ಬೇಡ. ದಿಬ್ಬದಲ್ಲಿ ನಿಧಾನ ಏರುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆದುಕೊಳ್ಳಲಿ. ಸಣ್ಣ ಎಂಜಿನ್ನಿಗೆ ಟರ್ಬೊ ಹಾಕಿ ಮನೆ ಎಳೆಸುವುದು ಬಡಕಲು ಎತ್ತಿಗೆ ಚಾಟಿ ಬೀಸಿದ ಹಾಗೆ.

ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ಮಾರುವವನು ಮೊದಲೇ ಒಂದು ಸಲ ಸ್ಟಾರ್ಟ್ ಮಾಡಿಟ್ಟಿದ್ದಾನೆ, ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅರ್ಥ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬಿಟ್ಟರೆ ನಮಸ್ಕಾರ ಹೇಳಿ ಹೊರಡು. ನೀಲಿ ಹೊಗೆಯಾದರೆ ನಮಸ್ಕಾರವೂ ಬೇಡ.

ನಲ್ಲಾರ್ಬರ್ ದಾಟಿದ ಮೇಲೆ ಮೊದಲು ಸಿಗುವ ಊರು ನನ್ನದೇ. ನಿನ್ನ ಮಹಾರಾಯ ಮುಖ ತಿರುಗಿಸಿಕೊಂಡಾದರೂ ಹೋಗಲಿ, ಮನೆ ಮುಂದೆ ಹಾರ್ನ್ ಮಾತ್ರ ಹೊಡೆಯದಿರಲಿ.

ಗ್ರೀಸ್ ಕೈಯಿಂದ,
ನೆವ್


ವಾಲರೂ
15 ಮಾರ್ಚ್

ಪ್ರೀತಿಯ ನೆವ್,

ನಿನ್ನ ಕಾಗದವನ್ನು ಕೈಚೀಲದಲ್ಲಿ ಇಟ್ಟುಕೊಂಡು ಮೂರು ಗಾಡಿ ನೋಡಿಬಂದೆ. ಮೊದಲನೆಯದರ ಬಾನೆಟ್ ಕಾದ ಹೆಂಚಿನ ಹಾಗಿತ್ತು. ಎರಡನೆಯದು ಬಿಟ್ಟ ಹೊಗೆಗೆ ಪಕ್ಕದ ಮನೆಯವಳು ಒಗೆದ ಬಟ್ಟೆಗಳನ್ನೆಲ್ಲ ಒಳಗೆ ತೆಗೆದುಕೊಂಡಳು. ಮೂರನೆಯದು ಮನಸ್ಸಿಗೆ ಬಂತು. ಪಕ್ಕದೂರು ಕಡೀನಾದ ಒಬ್ಬ ವ್ಯಾಪಾರಿಯ ಅಂಗಳದಲ್ಲಿದೆ. ಇಟಲಿಯ ವ್ಯಾನು, ಆರು ಮೀಟರ್, ತೂಕ ನಾಲ್ಕು ಟನ್ನಿಗೂ ಕಡಿಮೆ. ಎಂಜಿನ್ ಎರಡೂವರೆ ಲೀಟರ್, ಟರ್ಬೊ ಇದೆ. ಬೈಯಬೇಡ. ಬಾನೆಟ್ ತಣ್ಣಗಿತ್ತು, ಹೊಗೆ ಮೊದಲು ಚೂರು ಕಪ್ಪಗೆ ಬಂದು ಆಮೇಲೆ ನಿಂತಿತು. ಕಕ್ಕಸು ಒಳಗೇ ಇದೆ. ನನಗೆ ಅದು ಮುಖ್ಯ.

ಕ್ಲೆಮ್ ನೆಟ್ಟಗೆ ಹೋಗಿ ಚಾಲಕನ ಸೀಟಿನಲ್ಲಿ ಕೂತ. ವ್ಯಾಪಾರಿ ಹಲ್ಲು ಕಿರಿದು, "ಒಂದು ಸುತ್ತು ಹೊಡ್ಕೊಂಡು ಬನ್ನಿ ಸಾರ್" ಎಂದು ಕೀ ಚಾಚಿದ. ನಾನು ಮಧ್ಯೆ ಕೈ ಹಾಕಿ ತೆಗೆದುಕೊಂಡೆ. ಕ್ಲೆಮ್ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಇಳಿದು ಈ ಕಡೆ ಬಂದು, "ಇನ್ಮೇಲೆ ಯಜಮಾನತಿ ಓಡಿಸ್ತಾಳಂತೆ ಕಣಪ್ಪ. ನಾನು ಪಕ್ಕದಲ್ಲಿ ಕೂತು ಪೇಸ್ಟಿ ಕಡುಬು ತಿನ್ನೋನು" ಎಂದು ನಗಾಡಿದ. ಎಲ್ಲರೂ ನಕ್ಕೆವು.

ಸಮುದ್ರದ ರಸ್ತೆಗೆ ಬಂದಾಗ, "ಇದು ಯಾರ ಗಾಡಿ ವಿನ್ನಿ?" ಎಂದು ಕೇಳಿದ. ನಮ್ಮದಾಗಬಹುದು ಎಂದೆ. "ಚೆನ್ನಾಗಿದೆ, ತಗೋ" ಎಂದ.

ಇದನ್ನು ತೆಗೆದುಕೊಂಡುಬಿಡಲೇ? ಮುಂದಿನ ತಿಂಗಳೇ ಹೊರಡಬಹುದು. ಇನ್ನೊಂದು ಮಾತು. ಇಂಥ ಗಾಡಿಯ ಬಾಗಿಲಿಗೆ ಒಳಗಡೆಯಿಂದ, ತೀರಾ ಮೇಲೆ, ಸುಲಭಕ್ಕೆ ಕಾಣದ ಹಾಗೆ ಒಂದು ಚಿಲಕ ಕೂರಿಸಬಹುದೇ?

ಉತ್ತರಕ್ಕೆ ದಾರಿ ನೋಡುತ್ತಿರುವ,
ವಿನ್ನಿ


ನಾರ್ಸ್‌ಮನ್
2 ಏಪ್ರಿಲ್

ಪ್ರೀತಿಯ ವಿನ್ನಿ,

ಬೇಡ, ಬೇಡ, ಬೇಡ! ಆ ಇಟಲಿಯ ವ್ಯಾನು ಅಂಗಡಿ ಬೀದಿಗೆ ಹೋಗಿಬರಲು ಚೆನ್ನ. ಅದಕ್ಕೆ ನೀರಿನ ತೊಟ್ಟಿ, ಗ್ಯಾಸು, ಮಂಚ, ಮೇಲೆ ನನ್ನ ಅಣ್ಣ, ಇಷ್ಟು ಹೇರಿ ಎದುರುಗಾಳಿಯಲ್ಲಿ ಬಯಲು ದಾಟಿಸುತ್ತೀಯಾ? ಅಲ್ಲಿ ಕೆಟ್ಟು ನಿಂತರೆ ಕೇಳಲು ಕಾಂಗರೂ ಬಿಟ್ಟು ಯಾರೂ ಇಲ್ಲ.

ನನ್ನ ಶೆಡ್ಡಿನಲ್ಲಿ ಒಂದು ಇದೆ. ಕ್ವೀನ್ಸ್‌ಲೆಂಡಿನ ಮುದಿ ದಂಪತಿ ಬಂದಿದ್ದರು, ಹೆಂಡತಿ ಬಿದ್ದು ಸೊಂಟ ಮುರಿದುಕೊಂಡಳು, ವಿಮಾನ ಹತ್ತಿ ಮನೆಗೆ ಹೋದರು, ಗಾಡಿಯನ್ನು ನನಗೇ ಬಿಟ್ಟರು. ಕೋಸ್ಟರ್ ಬಸ್ಸು, ಏಳು ಮೀಟರ್, ಒಳಗೆ ಮನೆ ಮಾಡಿದ್ದಾರೆ. ತೂಕದ ಮಿತಿಯನ್ನು ನೋಂದಣಿಯಲ್ಲಿ ನಾಲ್ಕೂವರೆ ಟನ್ನಿಗೆ ಇಳಿಸಿ ಬರೆಸಿಕೊಂಡರೆ ನಿನ್ನ ಲೈಸೆನ್ಸೇ ಸಾಕು. ಎಂಜಿನ್ ನಾನು ಹೇಳಿದ್ದೇ, ಆರು ಸಿಲಿಂಡರ್, ಟರ್ಬೊ ಇಲ್ಲ. ಒಂದೇ ತೊಂದರೆ, ಆ ಪುಣ್ಯಾತ್ಮ ಆಯಿಲ್ ಬದಲಾಯಿಸಿಯೇ ಇಲ್ಲ. ಒಳಗೆ ಟಾರು. ಒಂದು ಸಲ ಬಿಚ್ಚಿ ಕಟ್ಟಬೇಕು. ಮೇ ಕೊನೆಗೆ ನಿಮ್ಮ ಬಾಗಿಲಿಗೆ ಬರುತ್ತದೆ.

ಮೇಲಿನ ಚಿಲಕ ಯಾಕೆ? ನಾಯಿ ಸಾಕಿದ್ದೀರಾ?

ಅಂದ ಹಾಗೆ, ಅವನು ಹೇಗಿದ್ದಾನೆ? ನಿಜ ಹೇಳು. ತೀರಾ ಏನಾದರೂ ಇದ್ದರೆ ಬಿಚ್ಚುವ ಗೋಜಿಗೇ ಹೋಗದೆ ಇದ್ದ ಹಾಗೇ ಓಡಿಸಿಕೊಂಡು ಬಂದುಬಿಡುತ್ತೇನೆ.

ನೆವ್


ವಾಲರೂ
20 ಏಪ್ರಿಲ್

ಪ್ರೀತಿಯ ನೆವ್,

ಪರವಾಗಿಲ್ಲ. ತೋಟದಲ್ಲಿ ಓಡಾಡುತ್ತಾನೆ, ಚೆನ್ನಾಗಿ ತಿನ್ನುತ್ತಾನೆ. ನೀನು ಸರಿಯಾಗಿಯೇ ಮಾಡು, ಕಾಯುತ್ತೇವೆ. ಕಡೀನಾದವನಿಗೆ ಬೇಡವೆಂದು ಹೇಳಿಬಿಟ್ಟೆ.

ನಾಯಿ ಇಲ್ಲ.

ವಿನ್ನಿ


ನಾರ್ಸ್‌ಮನ್
3 ಜೂನ್

ಪ್ರೀತಿಯ ವಿನ್ನಿ,

ತಡವಾಯಿತು, ಬೈಯಬೇಡ. ಎಂಜಿನ್ನಿನ ಮೇಲಿನ ಹೆಡ್ ಇಳಿಸಿದರೆ ಅದರಲ್ಲೊಂದು ಬಿರುಕು. ಬೇರೆ ಹೆಡ್ಡಿಗೆ ಪರ್ತ್‌ಗೆ ಬರೆದಿದ್ದೇನೆ. ಅದು ಬರುವವರೆಗೆ ಸುಮ್ಮನೆ ಕೂರುವುದೇಕೆಂದು ಪಿಸ್ಟನ್ನುಗಳನ್ನೂ ಹೊರಗೆ ತೆಗೆದೆ. ತೆಗೆದದ್ದು ಒಳ್ಳೆಯದಾಯಿತು, ರಿಂಗುಗಳು ಸವೆದು ಮುಗಿದಿದ್ದವು. ಬಿಚ್ಚಿದ ಮೇಲೆ ಅರ್ಧಂಬರ್ಧ ಮಾಡಿ ಮುಚ್ಚಲು ನನ್ನ ಕೈಲಿ ಆಗುವುದಿಲ್ಲ. ಅವನಿಗೂ ಅದು ಗೊತ್ತು.

ನಿಜ ಹೇಳಲೇ? ಈ ಕೆಲಸ ಮಾಡುವಾಗ ಮನಸ್ಸಿಗೆ ಏನೋ ಹಿತ. ಅವನು ಎಂಜಿನ್ನಿನ ಮುಚ್ಚಳ ಎತ್ತಿ ನೋಡಿ, ಬೈಯಲು ಏನೂ ಸಿಗದೆ ಬಾಯಿ ಮುಚ್ಚಿಕೊಳ್ಳುವುದನ್ನು ನೆನೆದು ಒಬ್ಬನೇ ನಗುತ್ತೇನೆ. ಚಿಲಕವನ್ನೂ ಹಾಕಿದ್ದೇನೆ, ಮೇಲ್ಗಡೆ, ಪರದೆಯ ಮರೆಯಲ್ಲಿ.

ಜುಲೈ ಮಧ್ಯಕ್ಕೆ ಖಂಡಿತ.

ನೆವ್


ವಾಲರೂ
19 ಜುಲೈ

ನೆವ್,

ಜುಲೈ ಮಧ್ಯ ಬಂತು, ಹೋಯಿತು. ಅವನು ದಿನಾ ಬೆಳಿಗ್ಗೆ ಟೋಪಿ ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಾನೆ. "ಗಾಡಿ ಬಂತಾ?" ಅನ್ನುತ್ತಾನೆ. ಇನ್ನೂ ಇಲ್ಲ ಅಂದರೆ ಒಳಗೆ ಬರುತ್ತಾನೆ.

ಯಾವಾಗ ಎಂದು ಒಂದು ಸಾಲು ಬರೆ.

ವಿನ್ನಿ


ನಾರ್ಸ್‌ಮನ್
5 ಆಗಸ್ಟ್

ಪ್ರೀತಿಯ ವಿನ್ನಿ,

ಎಂಜಿನ್ ಕೂರಿಸಿ ಸ್ಟಾರ್ಟ್ ಮಾಡಿದೆ. ದನಿ ನೂರಕ್ಕೆ ತೊಂಬತ್ತೈದು ಪಾಲು ಸರಿ. ಉಳಿದ ಐದು ಪಾಲು ನನಗೆ ನಿದ್ದೆ ಕೊಡುತ್ತಿಲ್ಲ. ಡೀಸೆಲ್ ಪಂಪನ್ನು ಬಿಚ್ಚಿ ಕಾಲ್ಗೂರ್ಲಿಗೆ ಪರೀಕ್ಷೆಗೆ ಕಳಿಸಿದ್ದೇನೆ. ಇನ್ನು ಮೂರು ವಾರ, ಹೆಚ್ಚೆಂದರೆ ನಾಲ್ಕು. ಸೆಪ್ಟೆಂಬರಿನ ವಸಂತದಲ್ಲಿ ಬಯಲು ಇನ್ನೂ ಚೆಂದ, ಹೂ ಬಿಟ್ಟಿರುತ್ತದೆ. ಇಷ್ಟು ದಿನ ಕಾದವನು ಇನ್ನೆರಡು ದಿನ ಕಾಯಲಿ ಬಿಡು, ಗೇಟಿಗೆ ಒರಗಿ ನಿಲ್ಲಲು ಅವನಿಗೇನು ಕಷ್ಟ!

ನೆವ್


ವಾಲರೂ
14 ಆಗಸ್ಟ್

ನೆವ್,

ನಿನ್ನ ಐದು ಪಾಲಿಗೆ ಬೆಂಕಿ ಬೀಳಲಿ.

ಒಂದು ಮಾತನ್ನು ಎಂದೋ ಹೇಳಬೇಕಿತ್ತು. ಹೇಳುತ್ತೇನೆ, ಕೂತು ಓದು. ಅವನ ಮರೆವು ಕನ್ನಡಕ ಹುಡುಕುವ ಮರೆವಲ್ಲ. ಲೈಸೆನ್ಸ್ ಹೋದದ್ದೇ ಅವನಿಗೆ ನೆನಪಿರುತ್ತಿರಲಿಲ್ಲ. ಪ್ರತಿ ಸಲ ನಾನು ಹೊಸದಾಗಿ ಹೇಳಬೇಕು, ಅವನು ಹೊಸದಾಗಿ ನೊಂದುಕೊಳ್ಳಬೇಕು. ಕೊನೆಗೆ ಹೇಳುವುದನ್ನೇ ಬಿಟ್ಟೆ. ಒಂದು ಮಧ್ಯಾಹ್ನ ಮನೆ ಬಿಟ್ಟು ಹೋದವನು ಹಡಗುಕಟ್ಟೆಯ ತುದಿಯಲ್ಲಿ ಸಿಕ್ಕಿದ. ಅಲ್ಲಿಂದಾಚೆಗೆ ಚಿಲಕ. ಈಗ ನನ್ನ ಹೆಸರು ಕೂಡ ಬೆಳಿಗ್ಗೆ ಇರುತ್ತದೆ, ಸಂಜೆ ಇರುವುದಿಲ್ಲ. ನವೆಂಬರಿನಲ್ಲಿ ಆರೈಕೆ ಮನೆಯಲ್ಲಿ ಅವನಿಗೆ ಹಾಸಿಗೆ ಸಿಗುತ್ತದೆ, ಒಪ್ಪಿ ಸಹಿ ಮಾಡಿಬಂದೆ.

ಪರವಾಗಿಲ್ಲ ಎಂದು ಬರೆದವಳು ನಾನೇ, ಒಪ್ಪಿದೆ. ನಮ್ಮ ಕಡೆ ಕೈ ತುಂಡಾಗಿ ರಕ್ತ ಸುರಿಯುತ್ತಿದ್ದರೂ ಪರವಾಗಿಲ್ಲ ಎನ್ನುತ್ತಾರೆ. ನೀನೂ ಇದೇ ಊರಲ್ಲಿ ಹುಟ್ಟಿದವನು. ನಿನಗೆ ತಿಳಿಯಬೇಕಿತ್ತು.

ಇನ್ನೂ ಒಂದಿದೆ, ಹೇಳಬೇಡವೆಂದು ಅವನು ಆಣೆ ಹಾಕಿಸಿದ್ದ. ನಲ್ಲಾರ್ಬರ್ ನೋಡುವ ಚಪಲ ಅವನಿಗೆ ಯಾವತ್ತು ಇತ್ತು? ಇಡೀ ಆಯುಷ್ಯ ಅದೇ ರಸ್ತೆಯಲ್ಲಿ ಲಾರಿ ಓಡಿಸಿದವನು. ಡಾಕ್ಟರ ಹತ್ತಿರ ಹೋಗಿಬಂದ ದಿನ ಅಡುಗೆಮನೆಯಲ್ಲಿ ಕೂತು, "ಪೂರ್ತಿ ಮರೆತು ಹೋಗೋಕೆ ಮುಂಚೆ ನೆವ್‌ನ ನೋಡ್ಬೇಕು ವಿನ್ನಿ. ಅವನಿಗೆ ಹೇಳ್ಬೇಡ, ಬರಬೇಡ ಅಂತಾನೆ. ಬಾಗಿಲಿಗೇ ಹೋಗಿ ನಿಂತುಬಿಡೋಣ" ಎಂದ. ಅದಕ್ಕೇ ಈ ಗಾಡಿ. ಆ ಇಟಲಿಯ ವ್ಯಾನಿನಲ್ಲಿ ಹೊರಟಿದ್ದರೆ ಏಪ್ರಿಲ್‌ನಲ್ಲೇ ನಿನ್ನ ಮುಂದೆ ನಿಂತಿರುತ್ತಿದ್ದ. ಆಗ ಅವನಿಗೆ ನೀನು ಯಾರೆಂದು ಗೊತ್ತಿತ್ತು.

ವಿನ್ನಿ


ನಾರ್ಸ್‌ಮನ್
21 ಆಗಸ್ಟ್

ವಿನ್ನಿ,

ಪರವಾಗಿಲ್ಲ ಅಂದರೆ ಪರವಾಗಿಲ್ಲ ಎಂದೇ ನಂಬಿದೆ. ನಂಬಲು ನನಗೂ ಅನುಕೂಲವಾಗಿತ್ತೋ ಏನೋ. ಎಂಜಿನ್ನಿಗೆ ಮುಖ ಕೊಟ್ಟಷ್ಟು ಸುಲಭವಾಗಿ ಅವನಿಗೆ ಮುಖ ಕೊಡಲು ನನಗೆ ಆಗುತ್ತಿರಲಿಲ್ಲ.

ಪಂಪ್ ಕಾಲ್ಗೂರ್ಲಿಯಲ್ಲಿದೆ, ಅದಿಲ್ಲದೆ ಗಾಡಿ ಕದಲುವುದಿಲ್ಲ. ನಾಳೆ ನಾನೇ ಹೋಗಿ ಆದಷ್ಟಕ್ಕೇ ಕಿತ್ತುಕೊಂಡು ಬರುತ್ತೇನೆ, ಕೂರಿಸುತ್ತೇನೆ, ಹೊರಡುತ್ತೇನೆ. ದನಿ ಹೇಗಾದರೂ ಇರಲಿ.

ನೆವ್


ವಾಲರೂ
12 ಸೆಪ್ಟೆಂಬರ್

ಪ್ರೀತಿಯ ನೆವ್,

ಇದು ನಿಮ್ಮಿಬ್ಬರಿಗಿಂತ ಮೊದಲೇ ನಾರ್ಸ್‌ಮನ್ ತಲುಪಬಹುದು. ನೀನು ಅವನನ್ನು ಗಾಡಿಗೆ ಹತ್ತಿಸಿಕೊಂಡು ಹೊರಟ ಮೇಲೆ ಮಲಗಿದವಳು ಮರುದಿನ ಮಧ್ಯಾಹ್ನ ಎದ್ದೆ. ನಿಮ್ಮ ಜೊತೆ ಬರಲಿಲ್ಲವೆಂದು ಊರು ಏನಾದರೂ ಅಂದುಕೊಳ್ಳಲಿ. ನನಗೆ ನಿದ್ದೆ ಬೇಕಿತ್ತು. ಯಾರದೂ ಕೈ ಹಿಡಿದುಕೊಳ್ಳದೆ ಒಂದು ಕಪ್ ಚಹಾ ಕುಡಿಯಬೇಕಿತ್ತು. ಕುಡಿದೆ. ಆಮೇಲೆ ಅವನು ಟೋಪಿ ತಗುಲಿಸುವ ಮೊಳೆ ಖಾಲಿಯಿದ್ದದ್ದು ನೋಡಿ ಅತ್ತುಬಿಟ್ಟೆ.

ಅಂದು ಗೇಟಿನ ಹತ್ತಿರ ನೀನು ಇಳಿದಾಗ ಅವನು ಕೈ ಕುಲುಕಿ, "ನಾನು ಕ್ಲೆಮ್ ಟ್ರೆಲೋರ್. ನಮ್ಮ ಡ್ರೈವರ್ ನೀನೇನಾ?" ಎಂದನಲ್ಲ. ನೀನು ನನ್ನ ಕಡೆ ನೋಡಿದೆ. ನಾನು ನೆಲ ನೋಡಿದೆ, ಕ್ಷಮಿಸು. "ಹೌದು" ಎಂದೆಯಲ್ಲ, ಅಷ್ಟು ಮೆದುವಾಗಿ ನೀನು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಬೆಳಿಗ್ಗೆ ಅವನಿಗೆ ಸ್ವಲ್ಪ ಬೆಳಕಿರುತ್ತದೆ. ಹೇಳುವುದಿದ್ದರೆ ಬೆಳಿಗ್ಗೆ ಹೇಳು.

ಇಬ್ಬರನ್ನೂ ಕಾಯುತ್ತಿರುವ,
ವಿನ್ನಿ


ನಾರ್ಸ್‌ಮನ್
17 ಸೆಪ್ಟೆಂಬರ್

ಪ್ರೀತಿಯ ವಿನ್ನಿ,

ತಲುಪಿದೆವು. ಅವನು ಆರಾಮವಾಗಿದ್ದಾನೆ, ಈಗ ಒಳಗೆ ಮಲಗಿದ್ದಾನೆ. ಎಂಜಿನ್ ದಾರಿಯುದ್ದಕ್ಕೂ ಒಂದು ಸಲವೂ ಕೆಮ್ಮಲಿಲ್ಲ. ಹಿಂದೆ ಆಗಿದ್ದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ, ಈಗ ನಾಚಿಕೆಯಾಗುತ್ತದೆ.

ಅವನು ಒಳ್ಳೆಯ ಜೊತೆಗಾರ. ಪಕ್ಕದಲ್ಲಿ ಕೂತು, ಎದುರು ಬರುವ ಗಾಡಿಗಳಿಗೆಲ್ಲ ಒಂದು ಬೆರಳೆತ್ತಿ ಸಲಾಮು ಕೊಟ್ಟ. ದಿಬ್ಬ ಬಂದಾಗ, "ಈಗ ಗೇರ್ ಇಳಿಸು... ಹಾಂ, ಹಾಗೆ" ಎಂದು ಹೇಳಿಕೊಟ್ಟ. ಒಂದು ಸಲವೂ ತಪ್ಪು ಹೇಳಲಿಲ್ಲ. "ಒಳ್ಳೇ ಎಂಜಿನ್ ಕಣಯ್ಯ, ಯಾರು ಕಟ್ಟಿದ್ದು?" ಎಂದು ಕೇಳಿದ. ಯಾರೋ ಒಬ್ಬ ಎಂದೆ.

ರಾಜ್ಯದ ಗಡಿಯ ತಪಾಸಣೆಯಲ್ಲಿ ಹಣ್ಣು, ಜೇನು ಏನೂ ಒಳಗೆ ಬಿಡುವುದಿಲ್ಲವಲ್ಲ. ಅವನ ಚೀಲದಲ್ಲಿ ಒಂದು ಬಾಟಲಿ ಜೇನು ಸಿಕ್ಕಿತು. ನೀನು ಹಾಕಿದ್ದೋ, ಅವನೇ ಬಚ್ಚಿಟ್ಟಿದ್ದೋ? ಅಧಿಕಾರಿ ಹುಡುಗಿ ಕೈ ಚಾಚಿದರೆ ಇವನು ಎದೆಗೊತ್ತಿಕೊಂಡ. "ಇದು ನನ್ನ ತಮ್ಮನಿಗಮ್ಮ. ಚಿಕ್ಕೋನಿದ್ದಾಗಿಂದ ಅವನಿಗೆ ಇದು ಅಂದ್ರೆ ಪ್ರಾಣ" ಎಂದ. ಅವಳು ಪಾಪ, "ಕಾನೂನು, ಅಜ್ಜ" ಎಂದಳು. ಬಿಸಾಡಲು ಮನಸ್ಸಿಲ್ಲದವರೆಲ್ಲ ಮಾಡುವ ಹಾಗೆ ನಾವೂ ಗಡಿ ದಾಟುವ ಮೊದಲೇ ಅಲ್ಲಿ ಕೂತು ತಿಂದು ಮುಗಿಸುವುದೆಂದಾಯಿತು. ಬ್ರೆಡ್ಡಿಗೆ ದಪ್ಪಗೆ ಹಚ್ಚಿ ನನ್ನ ಕೈಗೆ ಕೊಟ್ಟ. "ಮಣ್ಣುಪಾಲಾಗೋದಕ್ಕಿಂತ ನೀನೇ ತಿನ್ನು. ಅವನಿಗೆ ಮಾತ್ರ ಹೇಳ್ಬೇಡ ಮಾರಾಯ, ಹೊಟ್ಟೆ ಉರ್ಕೋತಾನೆ." ತಿಂದೆ ವಿನ್ನಿ. ಬೆರಳಿಗೆ ಅಂಟಿದ್ದನ್ನೂ ನೆಕ್ಕಿದೆ.

ಇವತ್ತು ಬೆಳಿಗ್ಗೆ ಮನೆ ಮುಂದೆ ನಿಲ್ಲಿಸಿದೆ. ಅವನು ಕನ್ನಡಿಯಲ್ಲಿ ನೋಡಿಕೊಂಡು ತಲೆ ಬಾಚಿದ, ಕೊರಳಿನ ಗುಂಡಿ ಹಾಕಿದ. ಹೋಗಿ ಬಾಗಿಲು ತಟ್ಟಿದ. ನಾನು ಹಿಂದೆ ನಿಂತಿದ್ದೆ, ಬೀಗದಕೈ ನನ್ನ ಜೇಬಿನಲ್ಲಿತ್ತು. "ಶೆಡ್ಡಲ್ಲಿರ್ತಾನೆ, ಯಾವ್ದಾದ್ರೂ ಎಂಜಿನ್ ಒಳಗೆ ತಲೆ ತೂರಿಸ್ಕೊಂಡು" ಎಂದು ಹಿತ್ತಲಿಗೆ ಹೋದ. ಶೆಡ್ಡೂ ಖಾಲಿ.

ನನ್ನಿಂದ ತಡೆಯಲಾಗಲಿಲ್ಲ. ಬೆಳಿಗ್ಗೆಯೂ ಹೌದಲ್ಲ, ನೀನು ಹೇಳಿದ ಹಾಗೆ. ಭುಜ ಹಿಡಿದು, "ಕ್ಲೆಮ್, ನಾನೇ ಕಣೋ. ನೆವ್" ಎಂದೆ.

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ನಿಜವಾಗಿ ಹುಡುಕಿದ ವಿನ್ನಿ. ಆಮೇಲೆ ನನ್ನ ಮನಸ್ಸು ನೋಯಬಾರದೆಂಬಂತೆ ನಕ್ಕು, "ನಿನ್ನ ಹೆಸರೂ ನೆವ್ವಾ? ನನ್ನ ತಮ್ಮನ ಹೆಸರೂ ಅದೇ" ಎಂದ.

ವರಾಂಡದಲ್ಲಿ ಎರಡು ಕುರ್ಚಿ ಹಾಕಿದೆ, ಚಹಾ ಮಾಡಿದೆ. ಇಬ್ಬರೂ ಅವನ ತಮ್ಮನಿಗಾಗಿ ಕಾದೆವು. ರಸ್ತೆಯಲ್ಲಿ ಗಾಡಿ ಹೋದಾಗಲೆಲ್ಲ ಅವನು ಕತ್ತು ಚಾಚುತ್ತಿದ್ದ. ಯಾಕೋ ನಾನೂ ಚಾಚುತ್ತಿದ್ದೆ. ಬಿಸಿಲು ಏರಿದ ಮೇಲೆ ಎದ್ದು ಟೋಪಿ ಹಾಕಿಕೊಂಡ.

"ಇವತ್ತು ಬರೋ ಹಾಗೆ ಕಾಣ್ಸಲ್ಲ. ನೀನು ಈ ಕಡೇನೇ ಓಡಾಡೋನಲ್ವಾ? ಅವನು ಸಿಕ್ಕಿದ್ರೆ ಹೇಳು, ಕ್ಲೆಮ್ ಮನೆ ತನಕ ಬಂದಿದ್ದ ಅಂತ. ಸಿಟ್ಟೇನೂ ಇಲ್ವಂತೆ ಅನ್ನು."

"ಹೇಳ್ತೀನಿ" ಎಂದೆ.

"ಮರೀಬೇಡ ಮತ್ತೆ" ಎಂದ.

ನೆವ್